ಹದಿನೇಳನೇ ಲಿಫ್ಟಿನ ಇನ್ನೊಂದು ಸಾಲು

ಕಂತು: ಒಂಬತ್ತು

"ಇನ್ನೊಂದು ಸಲ ಹುಡುಕು."

"ನಾಲ್ಕು ಸಲ ಹುಡುಕಿದ್ದಾಯ್ತಲ್ಲಕ್ಕ."

"ಐದನೇ ಸಲ ಹುಡುಕು. ನಿನ್ನ ಕಂಪ್ಯೂಟರಿಗೇನು ಕೈ ನೋಯತ್ತಾ?"

ಕಂಪ್ಯೂಟರಿನ ಮುಂದೆ ಕೂತಿದ್ದ ತಮ್ಮ ತುಟಿ ಬಿಗಿಹಿಡಿದು ಕೀಲಿಗಳನ್ನು ಕುಟ್ಟಿದ. ಪರದೆಯ ಮೇಲೆ ಅದೇ ಒಂದು ಸಾಲು ಬಂದು ಕೂತಿತು. ಲಿಫ್ಟ್ ಹದಿನೇಳು. ಸಮಯ ಸಂಜೆ ನಾಲ್ಕೂಕಾಲು. ನೌಕರನ ಸಂಖ್ಯೆ ಇನ್ನೂರ ಆರು. ಸ್ಥಿತಿ: ಎಲ್ಲ ಸರಿಯಿದೆ, ಓಡಿಸಬಹುದು.

ಇನ್ನೂರ ಆರು ಅಂದರೆ ಎಲ್ಲರೂ ಎಣ್ಣೆಕೈ ಅಂತ ಕರೆಯುವ ಮೆಕ್ಯಾನಿಕ್. ಆ ಸಾಲು ಬಂದ ಒಂದು ಗಂಟೆಯ ಮೇಲೆ, ಕಣ್ಣಿನ ಡಾಕ್ಟರ ಹತ್ತಿರ ಹನಿ ಹಾಕಿಸಿಕೊಂಡು ಮಂಜುಮಂಜಾಗಿ ಹೊರಬಂದ ನಿವೃತ್ತ ಮೇಷ್ಟ್ರೊಬ್ಬರು ಮೂರನೇ ಮಹಡಿಯಲ್ಲಿ ಹದಿನೇಳನೇ ಲಿಫ್ಟಿನ ಬಾಗಿಲು ಎಳೆದು ಕಾಲಿಟ್ಟರು. ಬಾಗಿಲು ತೆರೆದುಕೊಂಡಿತು. ಒಳಗೆ ಲಿಫ್ಟ್ ಇರಲಿಲ್ಲ. ಮೂರು ತಿಂಗಳಿಂದ ಎಣ್ಣೆಕೈ ಜೈಲಿನಲ್ಲಿದ್ದಾನೆ, ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಕೊನೆಯ ವಾದ.

ಅವನು ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದ. "ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ನೋಡಿದೆ, ಮೂರನೇ ಮಹಡಿ ಬಾಗಿಲ ಲಾಕು ಹಿಡೀತಿರಲಿಲ್ಲ. ಫೋನಲ್ಲಿ ಫಾರ್ಮ್ ತುಂಬಿ ಕಳಿಸಿದೆ. ಮೇನ್ ಸ್ವಿಚ್ ಆರಿಸಿ, ಕೆಂಪು ತಗಡಿನ ಬೋರ್ಡು ನೇತುಹಾಕಿ ಬಂದೆ. ಆಮೇಲೆ ಆ ಕಡೆ ತಲೆ ಹಾಕಿಲ್ಲ." ಬೋರ್ಡು ಸಿಕ್ಕಿರಲಿಲ್ಲ. ಕಳಿಸಿದ ಫಾರ್ಮಿನ ಪ್ರತಿ ಫೋನಿನಲ್ಲಿ ಉಳಿಯುತ್ತಿರಲಿಲ್ಲ. ಪೊಲೀಸರು ಎಲ್ಲ ಫಾರ್ಮುಗಳೂ ಸೇರುವ ಅವನ ಕಂಪನಿಯ ಕೋಷ್ಟಕದಲ್ಲಿ ಹುಡುಕಿಸಿದಾಗ ಸಿಕ್ಕಿದ್ದು ಈ ನಾಲ್ಕೂಕಾಲಿನ ಸಾಲು ಮಾತ್ರ. ಕಂಪ್ಯೂಟರ್ ಹೇಳಿದ ಮೇಲೆ ಮನುಷ್ಯನ ಮಾತನ್ನು ಯಾರು ಕೇಳುತ್ತಾರೆ?

ಕೇಳಿದವಳು ಈ ಅಕ್ಕ ಒಬ್ಬಳೇ. ಇಪ್ಪತ್ತೆರಡು ವರ್ಷ ಟೆಲಿಫೋನ್ ಡೈರೆಕ್ಟರಿಯ ಕರಡು ತಿದ್ದಿದವಳು. ಡೈರೆಕ್ಟರಿ ಅಚ್ಚಾಗುವುದು ನಿಂತ ಮೇಲೆ ವಕೀಲರಿಗೆ ಪತ್ತೆ ಕೆಲಸ ಮಾಡಿಕೊಡುತ್ತಾಳೆ, ವಕೀಲರ ಗುಮಾಸ್ತರು ಅವಳನ್ನು ಡೈರೆಕ್ಟರಿಯಮ್ಮ ಅಂತಲೇ ಕರೆಯುವುದು. ಎಣ್ಣೆಕೈಯ ಹೆಂಡತಿ ವಕೀಲರ ಬೆಂಚಿನ ಮೇಲೆ ಕೂತು ಒಂದೇ ವಾಕ್ಯ ಹೇಳಿದ್ದಳು. "ಲಾಕು ಹಿಡೀತಿಲ್ಲ ಅಂತ ಅವರು ಅಂದ್ರೆ ಹಿಡೀತಿರಲಿಲ್ಲ, ಅಷ್ಟೇ." ಅತ್ತು ಕರೆದು ಹೇಳಿದ್ದರೆ ಡೈರೆಕ್ಟರಿಯಮ್ಮ ಇಷ್ಟು ನಂಬುತ್ತಿರಲಿಲ್ಲವೇನೋ.

ಈ ಲಿಫ್ಟ್ ರಿಪೇರಿ ಕಂಪನಿಯೊಳಗೆ ಅವಳಿಗೆ ಬಾಗಿಲು ತೆರೆದದ್ದು ಅವಳ ಗಂಡ. ಅವನು ಇಲ್ಲಿ ಮೇಲ್ವಿಚಾರಕ. ಕೋಷ್ಟಕ ಕಟ್ಟುವ ಈ ಕೆಲಸ ತಮ್ಮನಿಗೆ ಕೊಡಿಸಿದ್ದೂ ಅವನೇ. "ಹೋಗಿ ನೋಡ್ಕೋ, ಎಲ್ಲ ಅದರಲ್ಲೇ ಇದೆ. ನಾವೇನು ಬಚ್ಚಿಟ್ಟಿದೀವಾ?" ಅಂದಿದ್ದ. ಈ ನಾಲ್ಕನೇ ಮಹಡಿಗೆ ಹತ್ತಿ ಬಂದಾಗ ಲಿಫ್ಟಿನ ಎದುರಿನ ಗೋಡೆಯಲ್ಲಿ ಕಟ್ಟು ಹಾಕಿದ ಅವನ ಫೋಟೋ ಕಂಡಿತ್ತು, ಕೆಳಗೆ ದಪ್ಪ ಅಕ್ಷರದಲ್ಲಿ 'ನೂರು ದಿನ: ಒಂದು ಲಿಫ್ಟೂ ನಿಂತಿಲ್ಲ'. ಗಾಜಿನ ಮೇಲಿನ ಧೂಳನ್ನು ಅವಳು ಸೆರಗಿನಿಂದ ಒರೆಸಿ ಒಳಗೆ ಬಂದಿದ್ದಳು.

"ಸರಿ, ಹುಡುಕೋದು ಬಿಡು," ಅಂದಳು. "ಇದನ್ನ ಕಟ್ಟಿದ್ದು ಹೇಗೆ, ಅದನ್ನ ಹೇಳು. ದಡ್ಡರಿಗೆ ಹೇಳೋ ಹಾಗೆ ಹೇಳು."

"ನಿಂಗೆ ಅರ್ಥ ಆಗಲ್ಲ."

"ನಿಂಗೆ ಅಕ್ಷರ ಕಲಿಸಿದವಳು ನಾನು. ಹೇಳು."

ತಮ್ಮ ಕುರ್ಚಿ ತಿರುಗಿಸಿದ. "ಮೆಕ್ಯಾನಿಕ್ ಕಳಿಸೋ ಒಂದೊಂದು ಫಾರ್ಮೂ ಒಂದು ಪುಟ್ಟ ಡಿಕ್ಷನರಿ. ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೇಲಿ ಹಾಗೇ ಅನ್ನೋದು. ನಿಘಂಟಿನಲ್ಲಿ ಪದ, ಅದರ ಮುಂದೆ ಅರ್ಥ ಇರತ್ತಲ್ಲ, ಹಾಗೆ. 'ಲಿಫ್ಟ್' ಅನ್ನೋದರ ಮುಂದೆ ಹದಿನೇಳು. 'ಸಮಯ'ದ ಮುಂದೆ ನಾಲ್ಕೂಕಾಲು. 'ಸ್ಥಿತಿ' ಮುಂದೆ ಸರಿಯಿದೆ. ಆ ಪುಟ್ಟ ಡಿಕ್ಷನರಿಗಳನ್ನೆಲ್ಲ ಒಂದು ದೊಡ್ಡ ಡಿಕ್ಷನರಿ ಒಳಗೆ ಇಡ್ತೀನಿ. ಅದನ್ನ ಕೋಷ್ಟಕ ಮಾಡು ಅಂದ್ರೆ ಒಂದೇ ಏಟಿಗೆ ಆಗತ್ತೆ. ಒಂದು ಫಾರ್ಮಿಗೆ ಒಂದು ಸಾಲು. ಆಮೇಲೆ ಯಾವ ಲಿಫ್ಟು, ಯಾವ ದಿನ ಅಂತ ಕೇಳಿದ್ರೆ ಸಾಲು ಬರತ್ತೆ."

"ದೊಡ್ಡದರಲ್ಲೂ ಪದದ ಮುಂದೆ ಅರ್ಥ ಇರಬೇಕಲ್ಲ. ಪುಟ್ಟದ್ದು ಅರ್ಥ ಆದ್ರೆ, ಪದ ಯಾವುದು?"

ತಮ್ಮ ಕಣ್ಣು ಕಿರಿದು ಮಾಡಿದ. ಅಕ್ಕ ಇಲ್ಲಿಗೆ ಬಂದು ಮುಟ್ಟುತ್ತಾಳೆ ಅಂತ ಅವನು ಎಣಿಸಿರಲಿಲ್ಲ. "ಲಿಫ್ಟಿನ ನಂಬರು, ತಾರೀಕು. ಎರಡೂ ಸೇರಿ."

"ಒಂದೇ ಲಿಫ್ಟಿಗೆ ಒಂದೇ ದಿನ ಎರಡು ಫಾರ್ಮ್ ಬಂದ್ರೆ?"

"ಬರಲ್ಲ. ಒಂದು ಲಿಫ್ಟಿಗೆ ದಿನಕ್ಕೆ ಒಂದೇ ಫಾರ್ಮ್. ಕಂಪನಿ ನಿಯಮ."

"ನಿಯಮ ಕೇಳಲಿಲ್ಲ. ಬಂದ್ರೆ?"

ಅವನು ಮತ್ತೆ ಪರದೆಯ ಕಡೆ ತಿರುಗಿದ. ಡೈರೆಕ್ಟರಿಯಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಅವಳ ಫೋನು ಬಿದ್ದಿತ್ತು, ಮೂಲೆ ಒಡೆದದ್ದು, ಗಂಡ ಹೊಸದು ಕೊಂಡ ಮೇಲೆ ಅವಳ ಪಾಲಿಗೆ ಬಂದದ್ದು. "ಭಾವ ದೊಡ್ಡ ಮೇಲ್ವಿಚಾರಕರು, ಅಕ್ಕನಿಗೆ ಮಾತ್ರ ಒಡಕಲು ಫೋನು," ಅಂತ ಅವಳು ಬಂದಾಗಲೇ ತಮ್ಮ ಚುಡಾಯಿಸಿದ್ದ. "ಮಾತು ಕೇಳಿಸತ್ತಲ್ಲ, ಸಾಕು," ಅಂದಿದ್ದಳು.

"ಡೈರೆಕ್ಟರಿ ಕೆಲಸದಲ್ಲಿ ನಮ್ಮ ದೊಡ್ಡವರು ಮೊದಲ ದಿನವೇ ಹೇಳಿಕೊಟ್ಟ ಪಾಠ ಒಂದೇ," ಅಂದಳು. "ತಪ್ಪಾಗಿ ಬಿದ್ದಿದ್ದು ಕಣ್ಣಿಗೆ ಕಾಣತ್ತೆ, ಬಿಟ್ಟುಹೋಗಿದ್ದು ಕಾಣಲ್ಲ. ಅದಕ್ಕೇ ಓದೋಕೆ ಮೊದಲು ಎಣಿಸು. ಆ ತಿಂಗಳಲ್ಲಿ ಬಂದ ಫಾರ್ಮ್ ಎಷ್ಟು, ನಿನ್ನ ಕೋಷ್ಟಕದಲ್ಲಿ ಕೂತಿರೋ ಸಾಲು ಎಷ್ಟು?"

"ಬಂದ ಫಾರ್ಮ್‌ಗಳು ತಿಂಗಳಿಗೆ ಅಳಿಸಿಹೋಗ್ತವೆ. ಪೊಲೀಸರಿಗೂ ಅದೇ ಹೇಳಿದ್ದು."

"ಅವರಿಗೆ ಹೇಳಿದ್ದು ಬೇಡ. ಹಳೇ ಬಸ್ ಟಿಕೆಟ್ಟನ್ನೂ ಬಿಸಾಡದ ಮನುಷ್ಯ ನೀನು. ನಿನ್ನ ಹತ್ರ ಪ್ರತಿ ಇಲ್ಲ ಅಂದ್ರೆ ನಾನು ನಂಬಬೇಕಾ?"

ತಮ್ಮ ಕತ್ತು ತಗ್ಗಿಸಿದ. ಪ್ರತಿ ಇತ್ತು. ಅವನ ಕಂಪ್ಯೂಟರಿನ ಒಂದು ಮೂಲೆಯಲ್ಲಿ, ಬಂದದ್ದು ಬಂದ ಹಾಗೆ.

ಎಣಿಸಲು ಒಂದು ಕ್ಷಣವೂ ಹಿಡಿಯಲಿಲ್ಲ. ಬಂದದ್ದು ಸಾವಿರದ ಮುನ್ನೂರ ನಲವತ್ತು. ಕೋಷ್ಟಕದಲ್ಲಿದ್ದದ್ದು ಸಾವಿರದ ಮುನ್ನೂರ ಮೂವತ್ತೈದು.

ಅವಳು ಎರಡನ್ನೂ ನೋಟುಪುಸ್ತಕದಲ್ಲಿ ಬರೆದು ಕಳೆದಳು.

"ಐದು," ಅಂದಳು ಅವಳು.

"ಅಕ್ಕ..." ಅವನ ದನಿ ಒಣಗಿತ್ತು. "ಅದೇ ಪದ ಎರಡನೇ ಸಲ ಬಂದ್ರೆ, ಹಳೇ ಅರ್ಥದ ಜಾಗದಲ್ಲಿ ಹೊಸದು ಕೂತ್ಕೊಳ್ಳತ್ತೆ. ಹಳೇದು ಹೋಗತ್ತೆ."

"ಹೋಗುವಾಗ ಕೂಗಲ್ವಾ? ತಪ್ಪು ಅಂತ ಏನೂ ಹೇಳಲ್ವಾ?"

"ಇಲ್ಲ. ಅದಕ್ಕೆ ಅದು ತಪ್ಪೇ ಅಲ್ಲ."

ಅವಳಿಗೆ ಮೈ ಉರಿದುಹೋಯಿತು. ಮೂರು ತಿಂಗಳು ಒಬ್ಬ ಮನುಷ್ಯ ಕಂಬಿ ಎಣಿಸಿದ್ದ. ಪೊಲೀಸರು, ವಕೀಲರು, ಇವಳೂ ಸೇರಿ, ಇಲ್ಲದ ಜಾಗದಲ್ಲಿ ಹುಡುಕಿ ಹುಡುಕಿ ಇಲ್ಲ ಅಂದಿದ್ದರು.

"ಮತ್ತೆ ಕಟ್ಟು," ಅಂದಳು. "ಈ ಸಲ ಪದ ಗಿದ ಬೇಡ. ಬಂದಿದ್ದನ್ನ ಬಂದ ಸಾಲಿನಲ್ಲಿ ಒಂದರ ಕೆಳಗೆ ಒಂದು ಇಟ್ಟುಕೊಂಡು ಹೋಗು."

ಅವನು ಮಾಡಿದ್ದೂ ಅದನ್ನೇ. ದೊಡ್ಡ ಡಿಕ್ಷನರಿಯನ್ನು ಕೈಬಿಟ್ಟು, ಪುಟ್ಟವುಗಳನ್ನೆಲ್ಲ ಬರಿ ಸಾಲಾಗಿ ಪೋಣಿಸಿ ಕೋಷ್ಟಕ ಮಾಡು ಅಂದ. ಆಮೇಲೆ ಹದಿನೇಳನೇ ಲಿಫ್ಟು, ಆ ತಾರೀಕು ಅಂತ ಕೇಳಿದ. ಎರಡು ಸಾಲು ಬಂದವು.

ಮೊದಲನೆಯದು ಬೆಳಿಗ್ಗೆ ಒಂಬತ್ತು ನಲವತ್ತಾರು. ನೌಕರ ಇನ್ನೂರ ಆರು. 'ಮೂರನೇ ಮಹಡಿ ಬಾಗಿಲ ಲಾಕು ಹಿಡಿಯುತ್ತಿಲ್ಲ. ಲಿಫ್ಟ್ ನಿಲ್ಲಿಸಿದ್ದೇನೆ. ದಯವಿಟ್ಟು ಯಾರೂ ಓಡಿಸಬೇಡಿ.'

ದಯವಿಟ್ಟು ಅನ್ನುವ ಆ ಪದದ ಮೇಲೆ ಡೈರೆಕ್ಟರಿಯಮ್ಮ ಬೆರಳಿಟ್ಟಳು. ಫಾರ್ಮಿನಲ್ಲಿ ಯಾರು ದಯವಿಟ್ಟು ಅಂತ ಬರೆಯುತ್ತಾರೆ? ಎಣ್ಣೆಕೈ ಬರೆದಿದ್ದ.

"ಈ ಸಾಲಿನ ಪ್ರಿಂಟ್ ತೆಗಿ. ಕೆಳಗೆ ನಿನ್ನ ಕೈಯಲ್ಲೇ ಬರಿ, ಕೋಷ್ಟಕ ಕಟ್ಟೋದರಲ್ಲಿ ನನ್ನಿಂದ ತಪ್ಪಾಗಿದೆ, ಅದಕ್ಕೇ ಈ ಸಾಲು ಕಾಣೆಯಾಗಿತ್ತು ಅಂತ. ಸಹಿ ಹಾಕು."

ಪ್ರಿಂಟ್ ತೆಗೆದ. ಪೆನ್ನು ಮುಟ್ಟಲಿಲ್ಲ.

"ಸಹಿ ಹಾಕಿದ್ರೆ ನಾಳೆಯಿಂದ ಮನೇಲಿರು ಅಂತಾರೆ. ಮುಂದೆ ಯಾರು ಕೆಲಸ ಕೊಡ್ತಾರೆ ನಂಗೆ? ಎಡವಟ್ಟು ಕೋಷ್ಟಕ ಕಟ್ಟಿ ಜೈಲಿಗೆ ಕಳಿಸಿದವನು ಅಂತ ಹಣೆ ಮೇಲೆ ಬರೆದ ಹಾಗೆ."

"ಬರೆದ ಹಾಗೇನು, ಕಳಿಸಿದ್ದೀಯಲ್ಲ."

"ಬೇಕು ಅಂತ ಮಾಡಿದ್ನಾ?"

"ಅವನು ಬೇಕು ಅಂತ ಮಾಡಿದ್ದನಾ? ಅವನಂತೂ ಮಾಡೇ ಇಲ್ಲ. ನೀನು ಮಾಡಿದ್ದನ್ನ ಅವನು ಉಣ್ತಾ ಇದಾನೆ."

ತಮ್ಮನ ಕಣ್ಣು ಕೆಂಪಾಯಿತು. "ನಿಂಗೇನಕ್ಕ, ಊರಿಗೆಲ್ಲ ಬುದ್ಧಿ ಹೇಳ್ತೀಯ. ನಿನ್ನ ಮನೆ ಬಾಗಿಲಿಗೆ ಬಂದಿದ್ರೆ ಗೊತ್ತಾಗ್ತಿತ್ತು."

"ಬರಲಿ," ಅಂದಳು ಅವಳು. ಕೋಪದಲ್ಲಿ ದನಿ ಏರಿತ್ತು. "ನನ್ನ ಮನೆ ಬಾಗಿಲಿಗೇ ಬರಲಿ. ಆ ನಾಲ್ಕೂಕಾಲಿನ ಫಾರ್ಮ್ ಕಳಿಸಿದವನು ಯಾರೇ ಆಗಿರಲಿ, ನಾಳೆ ಹನ್ನೊಂದಕ್ಕೆ ಅವನ ಹೆಸರು ಜಡ್ಜ್ ಮುಂದೆ ಇಡ್ತೀನಿ. ನಮ್ಮಮ್ಮನ ಆಣೆ."

ಅಮ್ಮನ ಆಣೆಯನ್ನು ಅವಳು ಸುಮ್ಮಸುಮ್ಮನೆ ಇಡುವವಳಲ್ಲ. ತಮ್ಮ ಅವಳ ಮುಖವನ್ನೇ ನೋಡಿದ, ಪೆನ್ನು ತೆಗೆದುಕೊಂಡ, ಬರೆದ. ಸಹಿ ಹಾಕಿ ಕಾಗದವನ್ನು ಅವಳ ಕಡೆ ತಳ್ಳಿದ. ಅವಳು ಅವನ ತಲೆ ಸವರಲು ಕೈ ಎತ್ತಿದವಳು, ಯಾಕೋ ಹಾಗೇ ಇಳಿಸಿದಳು.

"ಈಗ ಆ ಎರಡನೇದು," ಅಂದಳು. "ಎಣ್ಣೆಕೈ ನಂಬರ್ ಹಾಕಿ ಕಳಿಸಿದ್ದು ಯಾರು?"

"ನೌಕರನ ನಂಬರನ್ನ ಯಾರು ಬೇಕಾದ್ರೂ ಒತ್ತಬಹುದು. ಆದ್ರೆ ಯಾವ ಫೋನಿಂದ ಬಂತು ಅಂತ ಫಾರ್ಮೇ ಬರ್ಕೊಳ್ಳತ್ತೆ. ಹದಿನೈದು ಅಂಕಿ. ಸಿಮ್ ಬದಲಾಯಿಸಿದ್ರೂ ಅದು ಬದಲಾಗಲ್ಲ." ಅವನು ಸಾಲನ್ನು ಬಲಕ್ಕೆ ಸರಿಸಿದ. ಒಂಬತ್ತು ನಲವತ್ತಾರರ ಫೋನು ಎಣ್ಣೆಕೈಯದು, ಅವನ ಬೇರೆ ಎಲ್ಲ ಫಾರ್ಮುಗಳೂ ಅದರಿಂದಲೇ ಬಂದಿದ್ದವು. ನಾಲ್ಕೂಕಾಲಿನದು ಬೇರೆ ಫೋನು.

ಅವಳು ಆ ಹದಿನೈದು ಅಂಕಿಗಳನ್ನು ತನ್ನ ನೋಟುಪುಸ್ತಕದಲ್ಲಿ ಮೂರು ಮೂರರಂತೆ ಬಿಡಿಸಿ ಬರೆದುಕೊಂಡಳು. "ಈ ಫೋನಿಂದ ಬಂದಿದ್ದೆಲ್ಲ ತೋರಿಸು."

ತಮ್ಮ ಹುಡುಕಿದ. ಒಂದೂ ಸಾಲು ಬರಲಿಲ್ಲ. "ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ? ಈಗ ತಾನೇ ಕಣ್ಣೆದುರಿಗೆ ಇತ್ತಲ್ಲ, ಆ ಸಾಲಾದ್ರೂ ಬರಬೇಕಿತ್ತಲ್ಲ!"

ಅವನು ನಾಲಿಗೆ ಕಚ್ಚಿಕೊಂಡ. "ಕೋಷ್ಟಕದಲ್ಲಿ ಅದನ್ನ ಅಕ್ಷರ ಅಂತ ಇಟ್ಟಿದೀನಿ, ಸಂಖ್ಯೆ ಅಂತ ಹುಡುಕಿಬಿಟ್ಟೆ. ಹಾಗೆ ಕೇಳಿದ್ರೆ ಎದುರಿಗಿದ್ರೂ ಇಲ್ಲ ಅನ್ನತ್ತೆ."

"ನಿಮ್ಮ ಯಂತ್ರಕ್ಕಿಂತ ನಮ್ಮ ಗುಮಾಸ್ತರೇ ವಾಸಿ."

ಸರಿಯಾಗಿ ಕೇಳಿದ ಮೇಲೆ ಐದು ಸಾಲು ಬಂದವು. ಐದು ಬೇರೆ ಬೇರೆ ಲಿಫ್ಟು, ಐದು ಬೇರೆ ಬೇರೆ ನೌಕರರ ನಂಬರು, ಫೋನು ಮಾತ್ರ ಒಂದೇ. ಐದೂ ಸಂಜೆ ಕಳಿಸಿದವು. ಐದರಲ್ಲೂ ಅದೇ ಮಾತು: ಎಲ್ಲ ಸರಿಯಿದೆ, ಓಡಿಸಬಹುದು. ಆ ದಿನಗಳ ಬೆಳಗಿನ ಸಾಲುಗಳನ್ನು ತೆಗೆದರೆ, ಐದರಲ್ಲೂ ಯಾರೋ ಮೆಕ್ಯಾನಿಕ್ ಲಿಫ್ಟ್ ನಿಲ್ಲಿಸಿದ್ದ.

"ಇದು ಎಡವಟ್ಟಲ್ಲ ಮರಿ," ಅಂದಳು ಮೆಲ್ಲಗೆ. "ಎರಡನೇ ಫಾರ್ಮ್ ಕಳಿಸಿದ್ರೆ ಮೊದಲನೇದು ಮಾಯ ಆಗತ್ತೆ ಅಂತ ಯಾರೋ ಕಂಡುಹಿಡಿದಿದಾರೆ. ನಿನಗೇ ಗೊತ್ತಿಲ್ಲದ ನಿನ್ನ ತೂತು ಅವರಿಗೆ ಗೊತ್ತಿತ್ತು. ನಾಲ್ಕು ಸಲ ಏನೂ ಆಗಲಿಲ್ಲ. ಐದನೇ ಸಲ ಮೇಷ್ಟ್ರು ಬಂದ್ರು."

"ಯಾಕೆ ಹೀಗೆ ಮಾಡ್ತಾರೆ? ಲಿಫ್ಟ್ ನಿಂತ್ರೆ ಯಾರ ಗಂಟೇನು ಹೋಗತ್ತೆ?"

ಅವಳಿಗೆ ಆ ಪ್ರಶ್ನೆಯ ಉತ್ತರ ಎಲ್ಲೋ ನೋಡಿದ ಹಾಗನ್ನಿಸಿತು. ಎಲ್ಲಿ ಅಂತ ನೆನಪಾಗಲಿಲ್ಲ.

"ಕೆಳಗಡೆ ಹೋಗಿ ಎಲ್ಲರ ಫೋನೂ ನೋಡ್ತೀನಿ," ಅಂದಳು. "ಹಳೇದು, ಹೊಸದು, ಡ್ರಾಯರಿನಲ್ಲಿ ಬಿದ್ದಿರೋದು, ಎಲ್ಲ. ನಿಮ್ಮ ಭಾವನಿಗೆ ಹೇಳಿದ್ರೆ ಒಟ್ಟು ಮಾಡಿಸಿ ಕೊಡ್ತಾರೆ. ಈ ಅಂಕಿ ಫೋನಲ್ಲಿ ಎಲ್ಲಿರತ್ತೆ, ಅದನ್ನ ತೋರಿಸು."

"ಸುಲಭ. ಒಂದು ಕೋಡ್ ಒತ್ತಿದ್ರೆ ಪರದೆ ಮೇಲೇ ಬರತ್ತೆ." ಅವನು ಮೇಜಿನ ಮೇಲಿದ್ದ ಅವಳ ಒಡಕಲು ಫೋನು ಎತ್ತಿಕೊಂಡು ನಾಲ್ಕಾರು ಗುಂಡಿ ಒತ್ತಿ ವಾಪಸು ಕೊಟ್ಟ. "ನೋಡು, ಹೀಗೆ."

ಅವಳು ಕನ್ನಡಕ ಏರಿಸಿಕೊಂಡಳು. ಇಪ್ಪತ್ತೆರಡು ವರ್ಷದ ಅಭ್ಯಾಸ, ಅಂಕಿ ಕಂಡರೆ ಬಾಯಿ ತಾನಾಗಿ ಓದುತ್ತದೆ. ಡೈರೆಕ್ಟರಿ ಕೆಲಸದಲ್ಲಿ ಒಬ್ಬಳು ಗಟ್ಟಿಯಾಗಿ ಓದುವುದು, ಎದುರಿಗೆ ಕೂತವಳು ಪೆನ್ಸಿಲ್ ಹಿಡಿದು ತಾಳೆ ನೋಡುತ್ತ ಹ್ಞೂಂ ಅನ್ನುವುದು. ಅದೇ ರಾಗದಲ್ಲಿ ಓದಿದಳು.

"ಮೂರು ಐದು ನಾಲ್ಕು."

ತಮ್ಮ ತಮಾಷೆಗೆ ಅವಳ ನೋಟುಪುಸ್ತಕ ಎಳೆದುಕೊಂಡು ಪೆನ್ಸಿಲ್ ಹಿಡಿದ. "ಹ್ಞೂಂ."

"ಸೊನ್ನೆ ಒಂಬತ್ತು ಏಳು."

"ಹ್ಞೂಂ."

"ಎರಡು ಎರಡು ಆರು."

ಹ್ಞೂಂ ಬರಲಿಲ್ಲ.

ಕರಡು ತಿದ್ದುವವರು ಸಾಲಿನ ನಡುವೆ ನಿಲ್ಲಿಸುವುದಿಲ್ಲ. "ಒಂದು ಎಂಟು ಸೊನ್ನೆ," ಅಂತ ಓದಿದಳು. "ನಾಲ್ಕು ಒಂದು ಮೂರು." ಓದಿ ಮುಗಿಸಿ ತಲೆ ಎತ್ತಿದಳು. ತಮ್ಮನ ಪೆನ್ಸಿಲ್ ಕೊನೆಯ ಅಂಕಿಯ ಮೇಲೆ ನಿಂತಿತ್ತು. ಹದಿನೈದೂ ತಾಳೆಯಾಗಿದ್ದವು.

"ಮತ್ತೆ ಓದು," ಅಂದ. "ಎಲ್ಲೋ ತಪ್ಪಿದೀಯ."

ಅವಳು ತಪ್ಪಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವಳು ಅಂಕಿ ತಪ್ಪಿ ಓದಿದ್ದಿಲ್ಲ.

"ಇದು ನಿನ್ನ ಕೈಗೆ ಬಂದಿದ್ದು ಯಾವಾಗಕ್ಕ?"

ಮೇಷ್ಟ್ರು ಸತ್ತ ವಾರ. ಹೊಸದು ತಗೊಂಡೆ, ಇದನ್ನ ನೀನಿಟ್ಟುಕೋ ಅಂತ ಗಂಡ ಒರೆಸಿ, ಸಿಮ್ ಹಾಕಿ, ಅವಳ ದಿಂಬಿನ ಪಕ್ಕ ಇಟ್ಟಿದ್ದ. ಅವಳು ಖುಷಿಪಟ್ಟಿದ್ದಳು.

ಈಗ ನೆನಪಾಯಿತು ಅವಳಿಗೆ. ಲಿಫ್ಟ್ ನಿಲ್ಲದಿದ್ದರೆ ಯಾರಿಗೆ ಲಾಭ ಅನ್ನುವುದಕ್ಕೆ ಉತ್ತರ ಹೊರಗಿನ ಗೋಡೆಯ ಮೇಲೆ ಗಾಜು ಹಾಕಿಸಿಕೊಂಡು ನಗುತ್ತಿತ್ತು. ಅದರ ಧೂಳನ್ನು ಅವಳೇ ಕೈಯಾರೆ ಒರೆಸಿ ಬಂದಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿಯ ಜೊತೆ ಅವಳು ಮೂವತ್ತು ವರ್ಷ ಸಂಸಾರ ಮಾಡಿದ್ದಳು.

"ಭಾವನ ಫೋನನ್ನ ಯಾರಾದ್ರೂ ತಗೊಂಡು ಮಾಡಿರಬಹುದಲ್ಲ?" ತಮ್ಮ ಅವಸರವಸರವಾಗಿ ಹೇಳಿದ. "ಆಫೀಸಲ್ಲಿ ಮೇಜಿನ ಮೇಲೆ ಬಿಟ್ಟು ಓಡಾಡ್ತಾರಪ್ಪ ಅವರು. ಯಾರು ಬೇಕಾದ್ರೂ..."

ಹೌದು ಅನ್ನಲು ಅವಳು ಬಾಯಿ ತೆರೆದಳು. ಆಗ ಮನೆಯ ಮುಂದಿನ ಸ್ಕೂಟರ್ ನೆನಪಿಗೆ ಬಂತು. ಎಣ್ಣೆ ಸೋರಿ ನೆಲ ಕೆಡದಿರಲಿ ಅಂತ ಗಂಡ ಅದರ ಕೆಳಗೆ ಒಂದು ತಗಡು ಮಗುಚಿ ಹಾಸಿದ್ದ. ಅದು ಎಲ್ಲಿಂದ ಬಂತು ಅಂತ ಅವಳು ಕೇಳಿರಲಿಲ್ಲ. ದಿನಾ ಬೆಳಿಗ್ಗೆ ಗುಡಿಸುವಾಗ ಪೊರಕೆ ಅದಕ್ಕೆ ತಾಗುತ್ತಿತ್ತು. ಮಡಚಿದ ಅಂಚಿನಲ್ಲಿ ಬಣ್ಣ ಕಾಣುತ್ತಿತ್ತು, ಎಣ್ಣೆಕೈ ಹೇಳಿದ ಬೋರ್ಡಿನ ಕೆಂಪು.

ಊರೆಲ್ಲ ಪತ್ತೆ ಮಾಡುವವಳು, ಮೂರು ತಿಂಗಳು ಅದರ ಸುತ್ತ ಗುಡಿಸಿದ್ದಳು. ಅವಳಿಗೆ ತನ್ನ ಮೇಲೇ ಅಸಹ್ಯ ಬಂತು.

ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಗಂಡನ ಕರೆ. ಎತ್ತಿದಳು, ಎತ್ತದೆ ಹೇಗಿರುತ್ತಾಳೆ?

"ಮುಗೀತಾ ನಿನ್ನ ಹುಡುಕಾಟ?" ದನಿಯಲ್ಲಿ ಎಂದಿನ ಸಲಿಗೆ, ಎಂದಿನ ನಗು. "ಕೆಳಗಿದ್ದೀನಿ. ಮೇಲೆ ಬಂದೆ, ಮೂರೂ ಜನ ಕಾಫಿಗೆ ಹೋಗೋಣ. ಏನಾದ್ರೂ ಸಿಕ್ತಾ?"

"ಬನ್ನಿ," ಅಂದಳು.

ತೆರೆದ ಬಾಗಿಲಿನಾಚೆ ಪಡಸಾಲೆಯ ಲಿಫ್ಟಿನ ಮೇಲಿನ ದೀಪ ಕಾಣುತ್ತಿತ್ತು. ಸೊನ್ನೆ ಆರಿತು. ಒಂದು ಹತ್ತಿತು.

ತಮ್ಮ ಕೀಲಿಗಳ ಮೇಲೆ ಕೈಯಿಟ್ಟಿದ್ದ. ಸಹಿ ಮಾಡಿದ ಕಾಗದ ಇಬ್ಬರ ನಡುವೆ ಮೇಜಿನ ಮೇಲಿತ್ತು.

"ಅಕ್ಕ, ಇಲ್ಲಿ ಕೇಳು. ನನ್ನ ತಪ್ಪು ನಾನು ಒಪ್ಪಿಕೊಂಡಾಯ್ತು. ಆ ಬೆಳಗಿನ ಸಾಲು ಸಾಕು, ಎಣ್ಣೆಕೈ ಬಿಡುಗಡೆ ಆಗ್ತಾನೆ. ಎರಡನೇ ಸಾಲು ಕಳಿಸಿದ್ದು ಯಾರು ಅಂತ ಗೊತ್ತಾಗಲಿಲ್ಲ ಅಂದ್ರೆ ಮುಗೀತು." ಅವನ ಸ್ವರ ಇನ್ನಷ್ಟು ಇಳಿಯಿತು. "ಫೋನಿನ ಆ ಹದಿನೈದು ಅಂಕಿ ಮಾತ್ರ. ಅದರ ಮೇಲೆ ಬೇರೆ ಹದಿನೈದು ಬರೆದ್ರೆ ಹಳೇದು ಹೋಗತ್ತೆ. ಯಾರೂ ಕೂಗಲ್ಲ."

ಎರಡು ಹತ್ತಿತು.

ಅವಳು ಬೆಂಚಿನ ಮೇಲೆ ಕೂತ ಆ ಹೆಂಗಸನ್ನು ನೆನೆದಳು. ಗಂಡನ ಮಾತಿನ ಮೇಲೆ ಆಣೆಪ್ರಮಾಣ ಬೇಕಿಲ್ಲದ ಹೆಂಗಸು. ಅಂಥ ನಂಬಿಕೆ ಅರ್ಧ ಗಂಟೆಯ ಹಿಂದೆ ಇವಳ ಬಳಿಯೂ ಇತ್ತು.

ಮೂರು.

"ಅಮ್ಮನ ಆಣೆ ಇಟ್ಟಿದ್ದೀಯ," ಅಂದ ತಮ್ಮ, ಅವಳ ಮುಖ ನೋಡದೆ. "ಅದು ಗೊತ್ತಿರೋದು ನಂಗೆ ಒಬ್ಬನಿಗೇ. ಹೇಳಕ್ಕ, ಬೇಗ ಹೇಳು. ಇಡ್ಲಾ, ಅಳಿಸ್ಲಾ?"

ನಾಲ್ಕು ಹತ್ತಿತು. ಲಿಫ್ಟಿನ ಬಾಗಿಲು ಸರಿದ ಸದ್ದಾಯಿತು. ಅವಳು ತಮ್ಮನ ಕೈಯನ್ನು ಕೀಲಿಗಳ ಮೇಲಿಂದ ಪಕ್ಕಕ್ಕೆ ತಳ್ಳಿ, ಅಲ್ಲಿ ತನ್ನ ಕೈ ಇಟ್ಟಳು.